ಗುರುರಾಜನ ಜ್ವಾಲಾಮುಖಿ

ಎಲ್ಲಕ್ಕೂ ಮೂಲ ಆ ಫೋಟೊ. ಆರೆಗಾನ್‌ನಲ್ಲಿರುವ ಹಿರಿಯಳಿಯ ಶಶಾಂಕ್ ಅತ್ತೆ ಮಾವನನ್ನು ಕ್ರೇಟರ್ ಲೇಕ್‌ಗೆ ಕರೆದೊಯ್ದು ತೆಗೆದದ್ದು. ಜ್ವಾಲಾಮುಖಿಯ ಬಾಯಿಯಲ್ಲಿ ನಿಂತ ನೀಲಿ ನೀರು, ಅದರ ಮುಂದೆ ಸ್ವೆಟರ್ ತೊಟ್ಟ ಮಾವ ತ್ಯಾಗರಾಜರು. ದೇಶದ ಇನ್ನೊಂದು ತುದಿಯ ಏಪೆಕ್ಸ್ ಊರಿನ ಕಿರಿಯಳಿಯ ಗುರುರಾಜನ ಮನೆಗೆ ಬಂದ ಮೇಲೂ ಅವರು ದಿನಾ ಬೆಳಿಗ್ಗೆ ಬಿಸ್ಕತ್ತಿನ ಬದಲು ಆ ಫೋಟೊ ನೋಡುತ್ತಲೇ ಕಾಫಿ ಮುಗಿಸುತ್ತಿದ್ದರು.

"ಜ್ವಾಲಾಮುಖಿ ತೋರಿಸೋ ಅಳಿಯ ಅಂದ್ರೆ ಸುಮ್ನೇನಾ? ನಿಮ್ ಕಡೆ ಇಂಥದ್ದೇನೂ ಇಲ್ಲ, ಪಾಪ," ಎಂದರು ಒಂದು ದಿನ.

ಆ 'ಪಾಪ' ಗುರುರಾಜನಿಗೆ ಚುಚ್ಚಿತು. "ಯಾಕಿಲ್ಲ ಮಾವ? ಒಂದು ಗಂಟೆ ಡ್ರೈವ್ ಅಷ್ಟೆ!" ಎಂದುಬಿಟ್ಟ.

ಇದ್ದದ್ದು ಹಳೆಯ ಕಲ್ಲುಗಣಿ. ಗಣಿ ಮುಚ್ಚಿದ ಮೇಲೆ ಗುಂಡಿಯಲ್ಲಿ ನೀರು ತುಂಬಿ, ಸುತ್ತ ಪಾರ್ಕ್ ಎದ್ದಿತ್ತು. ಆದರೆ ನೀರು ನೀಲಿಯೇ, ಸುತ್ತಲೂ ಕಡಿದಾದ ಬಂಡೆಯೇ. ಜ್ವಾಲಾಮುಖಿಗೆ ಇನ್ನೇನು ಬೇಕು?

ಶುಕ್ರವಾರ ರಜೆ ಹಾಕಿ, ಮಿನಿವ್ಯಾನಿನಲ್ಲಿ ಎಲ್ಲರನ್ನೂ ತುಂಬಿಕೊಂಡು ಹೊರಟ. ದಡದಲ್ಲೇ ಗಂಡಾಂತರ ಕಾದಿತ್ತು: ಗಣಿಯ ಇತಿಹಾಸ ಬರೆದ ದೊಡ್ಡ ಬೋರ್ಡು. ಗುರುರಾಜ ಓಡಿಹೋಗಿ ಅದಕ್ಕೆ ಬೆನ್ನು ಆನಿಸಿ, ಒಣಹಾಕಿದ ಪಂಚೆಯಂತೆ ಕೈ ಅಗಲಿಸಿ ನಿಂತ.

"ಡ್ಯಾಡಿ, ಮೂವ್! ನಾನು ಓದ್ಬೇಕು," ಎಂದ ಮಗ ಆದಿತ್ಯ.

"ರಜೆಯಲ್ಲಿ ಎಂಥಾ ಓದೋ? ಹೋಗು, ಚಿತ್ರಾನ್ನ ತಿನ್ನು."

ಹೆಂಡತಿ ಊರ್ಮಿಳಾ ಗಾಬರಿಯಿಂದ ಅವನ ಹಣೆ ಮುಟ್ಟಿ ನೋಡಿದಳು. "ರೀ, ಜ್ವರ ಇಲ್ಲ ತಾನೆ? ಬಂದು ಕೂತ್ಕೊಳ್ಳಿ."

"ಇಲ್ಲಿಂದ ವ್ಯೂ ಚೆನ್ನಾಗಿದೆ ಕಣೆ." ಅವನೆದುರಿಗೆ ಇದ್ದದ್ದು ಪಾರ್ಕಿಂಗ್ ಲಾಟು.

ಮಾವ ನೀರನ್ನು ಬಗ್ಗಿ ನೋಡಿದರು. "ಪರವಾಗಿಲ್ಲ ಅಳಿಯಂದ್ರೇ. ಆದ್ರೆ ಶಶಾಂಕ್ ತೋರಿಸಿದ್ದರ ಗಾಂಭೀರ್ಯವೇ ಬೇರೆ. ಇದು ಸ್ವಲ್ಪ ಬಾವಿ ಥರ ಇದೆ."

ಅತ್ತೆ ರಾಜಲಕ್ಷ್ಮಿಯವರಿಗೆ ಬಾವಿಯಾದರೂ ಗಂಗೆ ಗಂಗೆಯೇ. ನೀರಿಗೆ ಅರಿಶಿನ ಕುಂಕುಮ ಏರಿಸಿ, ಕೈಮುಗಿದು, ಮನೆಯಿಂದ ತಂದ ತೆಂಗಿನಕಾಯಿಯನ್ನು ಬಂಡೆಗೆ ಕುಟ್ಟಿದರು.

ಕಾಯಿ ಹೋಳಾಯಿತು. ಢಂ! ನೆಲ ನಡುಗಿತು, ನೀರು ನಡುಗಿತು, ತಟ್ಟೆಯ ಚಿತ್ರಾನ್ನವೂ ನಡುಗಿತು.

ಗುಡ್ಡದಾಚೆಯ ಇನ್ನೊಂದು ಗಣಿಯಲ್ಲಿ ಈಗಲೂ ಬಂಡೆ ಸಿಡಿಸುತ್ತಾರೆಂದು ಗೊತ್ತಿದ್ದದ್ದು ಗುರುರಾಜನೊಬ್ಬನಿಗೇ.

"ಎದ್ದುಬಿಡ್ತು! ಓಡ್ರೋ!" ಎಂದು ಮಾವ ಕೂಗಿದರು. ಮಂಡಿನೋವೆಂದು ಮೆಟ್ಟಿಲು ಮೆಟ್ಟಿಲಿಗೂ ಕೂರುತ್ತಿದ್ದ ಅತ್ತೆ ಎಲ್ಲರಿಗಿಂತ ಮೊದಲು ವ್ಯಾನ್ ಸೇರಿದರು, ಮೊಸರನ್ನದ ಡಬ್ಬಿ ಸಮೇತ. ಕದಲದೆ ನಿಂತವನು ಗುರುರಾಜ ಮಾತ್ರ. ಬೋರ್ಡು ಬಿಡುವ ಹಾಗಿರಲಿಲ್ಲವಲ್ಲ!

ದಾರಿಯುದ್ದಕ್ಕೂ ಅತ್ತೆ ಡಬ್ಬಿ ತಬ್ಬಿಕೊಂಡು ದೇವರ ನಾಮ ಜಪಿಸುತ್ತಿದ್ದುದು ಕಂಡು ಅವನ ಮನಸ್ಸು ತಡೆಯಲಿಲ್ಲ. "ಮಾವ, ಕ್ಷಮಿಸಿ. ಅದು ಜ್ವಾಲಾಮುಖಿ ಅಲ್ಲ. ಬರೀ ಕಲ್ಲುಗಣಿ."

ಮಾವ ಅವನ ಭುಜ ತಟ್ಟಿದರು. "ನೋಡೇ ರಾಜಿ, ನಾವು ಹೆದರಬಾರದು ಅಂತ ಏನೆಲ್ಲ ಹೇಳ್ತಾರೆ! ನಾವೆಲ್ಲ ಓಡಿದ್ರೂ ಬೆಂಕಿಗೆ ಎದೆಯೊಡ್ಡಿ ನಿಂತ್ರಲ್ಲ, ಇವರು ಕಣೇ ಅಳಿಯ ಅಂದ್ರೆ!"

"ನಿಜವಾಗ್ಲೂ ಮಾವ, ಅದು..."

"ಸುಮ್ನಿರಿ," ಊರ್ಮಿಳಾ ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು. "ಅಪ್ಪ ನಿಮ್ಮನ್ನ ಹೊಗಳ್ತಿರೋದು ಇದೇ ಮೊದಲು."

ಗುರುರಾಜ ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂತ. ಮನೆ ಮುಟ್ಟುವಷ್ಟರಲ್ಲಿ ಅವನ ಎದೆ ಪೂರಿಯಂತೆ ಉಬ್ಬಿತ್ತು.

ಸಂಜೆ ಮಾವ ಆರೆಗಾನ್‌ಗೆ ಫೋನ್ ಮಾಡಿ ಎಲ್ಲವನ್ನೂ ಬಣ್ಣಿಸಿ, ರಿಸೀವರ್ ಇಟ್ಟು ಬಂದರು. ಮುಖದಲ್ಲಿ ದೀಪಾವಳಿ.

"ಶಶಾಂಕ್ ಬೆರಗಾಗಿಬಿಟ್ರು! ಅವರದ್ದು ಸಾವಿರಾರು ವರ್ಷದಿಂದ ಮಲಗಿದೆಯಂತೆ. ಜೀವಂತ ಜ್ವಾಲಾಮುಖಿ ನೋಡ್ಲೇಬೇಕು ಅಂತ ಬರೋ ವಾರ ಇಡೀ ಸಂಸಾರ ವಿಡಿಯೊ ಕ್ಯಾಮೆರಾ ತಗೊಂಡು ಹೊರಡ್ತಿದ್ದಾರೆ. ನೀವೇ ತೋರಿಸ್ಬೇಕು."

ಗುರುರಾಜ ಕುಸಿದು ಕೂತ. ಅಡುಗೆಮನೆಯಿಂದ ಅತ್ತೆಯ ಧೈರ್ಯದ ದನಿ ಕೇಳಿಸಿತು:

"ಯೋಚನೆ ಮಾಡ್ಬೇಡಿ ಅಳಿಯಂದ್ರೇ. ಈ ಸಲ ಐದು ಕಾಯಿ ಒಡೀತೀನಿ!"