ನಾಲ್ಕು ಕುರ್ಚಿ, ಒಂದು ಬೆಂಚು

ಮನೆಯಲ್ಲಿ ಕುರ್ಚಿಗಳು ಹೆಚ್ಚಾದದ್ದೇ ತಮ್ಮ ಸಂಸಾರಕ್ಕೆ ತಗುಲಿದ ಪೀಡೆ ಎಂಬುದು ಮೇಷ್ಟ್ರಿಗೆ ಹೊಳೆದದ್ದು ನಿವೃತ್ತರಾದ ಮೂರನೆಯ ವರ್ಷದಲ್ಲಿ.

ಮದುವೆಯಾದ ಹೊಸತರಲ್ಲಿ ಅವರ ಬಾಡಿಗೆ ಕೋಣೆಯಲ್ಲಿ ಇದ್ದದ್ದು ಒಂದೇ ಒಂದು ಮರದ ಬೆಂಚು. ಇಬ್ಬರೂ ಅದರ ಮೇಲೆಯೇ ಕೂರಬೇಕು. ಒಬ್ಬರು ಥಟ್ಟನೆ ಎದ್ದರೆ ಇನ್ನೊಬ್ಬರ ಕಡೆಗೆ ಬೆಂಚು ವಾಲಿಬಿಡುತ್ತಿತ್ತು. ಆದ್ದರಿಂದ ಏಳುವಾಗಲೂ ಪರಸ್ಪರ ಹೇಳಿಯೇ ಏಳಬೇಕು. ಸಂಜೆ ಐದಕ್ಕೆ ಚಹಾ ಹಿಡಿದು ಕೂತರೆ ಹರಟೆ, ಜಗಳ, ರಾಜಿ ಎಲ್ಲವೂ ಅಲ್ಲಿಯೇ.

ಈಗ ಸ್ವಂತ ಮನೆ, ನಾಲ್ಕು ಬೆತ್ತದ ಕುರ್ಚಿ. ಹೆಂಡತಿಯದು ಅಡುಗೆಮನೆಯ ಕಿಟಕಿಯ ಬಳಿ, ಇವರದು ಮುಂಬಾಗಿಲ ಬಳಿ. ಚಹಾ ಬರುತ್ತದೆ, ತಂದವಳು ನಿಲ್ಲುವುದಿಲ್ಲ. ಬೆಂಚಿನ ಮೇಲೆ ಹಳೆಯ ಪತ್ರಿಕೆಗಳ ಸಾಮ್ರಾಜ್ಯ. ಆ ಐದು ಗಂಟೆ ಮತ್ತೆ ಬೇಕು ಎಂದು ಮೇಷ್ಟ್ರ ಜೀವ ಹಂಬಲಿಸುತ್ತಿತ್ತು. (ಬಾಯಿ ಬಿಟ್ಟು ಕೇಳಲು ಮಾತ್ರ ನಾಚಿಕೆ.)

ಅವರೇನು ಸಾಮಾನ್ಯರಲ್ಲ. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಮನಶ್ಶಾಸ್ತ್ರ ಬೋಧಿಸಿದವರು. ಊಟದ ಗಂಟೆ ಕೇಳಿದೊಡನೆ ಜೊಲ್ಲು ಸುರಿಸುವ ನಾಯಿಯ ಪಾಠವನ್ನು, ನಾಯಿಯ ಪಾತ್ರವನ್ನೂ ತಾವೇ ವಹಿಸಿ, ಅಭಿನಯಿಸಿ ತೋರಿಸಿದವರು. "ಉಪದೇಶ ಮಾಡಬೇಡಿ, ಪರಿಸರವನ್ನು ಬದಲಿಸಿ. ಬೇಕಾದ ವರ್ತನೆ ಕಂಡ ಕೂಡಲೇ ಬಹುಮಾನ ಕೊಡಿ" ಎಂಬುದು ಅವರ ಟಿಪ್ಪಣಿಯ ಮೊದಲ ಪುಟ. ಪ್ರತಿ ವರ್ಷವೂ ಅದನ್ನು ಮುತ್ತಿನಂಥ ಅಕ್ಷರದಲ್ಲಿ ಶುದ್ಧಪ್ರತಿ ಮಾಡಿಕೊಡುತ್ತಿದ್ದವಳು ಹೆಂಡತಿ.

ಒಂದು ದಿನ ನೋಡಿದರೆ ಹೆಂಡತಿಯ ಕುರ್ಚಿಯ ಬೆತ್ತ ಹರಿದಿತ್ತು. ಮೇಷ್ಟ್ರ ತಲೆಯಲ್ಲಿ ದೀಪ ಹತ್ತಿತು. ಅದನ್ನು ಹೊತ್ತೊಯ್ದು ರಿಪೇರಿಗೆ ಕೊಟ್ಟು, ಬರುವಾಗ ಒಂದು ಪೊಟ್ಟಣ ಪೆಪ್ಪರ್‌ಮಿಂಟು ತಂದು ಪುಸ್ತಕಗಳ ಹಿಂದೆ ಅಡಗಿಸಿಟ್ಟರು. ಮುಂದಿನ ವಾರ ಎರಡನೆಯ ಕುರ್ಚಿಗೆ ತಾವೇ ಬೆರಳು ತೂರಿಸಿ ಕಿಂಡಿ ಮಾಡಿದರು.

"ಅವಸರ ಇಲ್ಲಪ್ಪ, ನಿಧಾನಕ್ಕೆ ಹೆಣೆ," ಎಂದರು ಕುರ್ಚಿ ಹೆಣೆಯುವವನಿಗೆ.

"ಎಷ್ಟು ನಿಧಾನ ಸಾರ್?"

"ನಾನು ಬಂದು ಕೇಳೋವರೆಗೂ."

"ಯಾವಾಗ ಬರ್ತೀರಿ?"

"ಬರಲ್ಲ."

ಮೂರನೆಯದೂ ಹೋದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಏನ್ರೀ ಇದು, ಕುರ್ಚಿಗಳಿಗೆಲ್ಲ ಅಂಟುರೋಗ ಬಂದ ಹಾಗಿದೆ?"

"ಬೆತ್ತ ಹಳೇದಾಯ್ತು ಕಣೇ."

"ನಾವೂ ಹಳಬರಾದ್ವಿ. ನಮ್ಮನ್ನ ಯಾರೂ ಹೆಣಿಗೆಗೆ ಕಳಿಸ್ಲಿಲ್ಲ."

ಕೊನೆಗೆ, ಎದೆ ಗಟ್ಟಿಮಾಡಿಕೊಂಡು ಮೇಷ್ಟ್ರು ತಮ್ಮ ಸಿಂಹಾಸನವನ್ನೂ ತ್ಯಾಗಮಾಡಿದರು. ಪತ್ರಿಕೆಗಳನ್ನು ಅಟ್ಟಕ್ಕೇರಿಸಿ, ಬೆಂಚು ಒರೆಸಿ, ಜೇಬಿನಲ್ಲಿ ಒಂದು ಪೆಪ್ಪರ್‌ಮಿಂಟು ಇಟ್ಟುಕೊಂಡು ಕೂತರು.

ಗಂಟೆ ಐದಾಯಿತು. ಹೆಂಡತಿ ಎರಡು ಲೋಟ ಹಿಡಿದು ಬಂದಳು. ಬರಿದಾದ ಕೋಣೆಯನ್ನು ಒಮ್ಮೆ ನೋಡಿದಳು. ನಿಂತೇ ಕುಡಿದುಬಿಟ್ಟರೇನು ಗತಿ? ಮೇಷ್ಟ್ರು ಉಸಿರು ಬಿಗಿಹಿಡಿದರು.

"ಸ್ವಲ್ಪ ಸರ್ಕೊಳ್ಳಿ," ಎಂದು ಆಕೆ ಕೂತಳು. ಬೆಂಚು ಕಿರ್ರೆಂದಿತು, ನಲವತ್ತು ವರ್ಷದ ಹಿಂದಿನ ಅದೇ ಸದ್ದು. ಮೇಷ್ಟ್ರ ಎದೆಯಲ್ಲಿ ವಿಜಯದುಂದುಭಿ ಮೊಳಗಿತು. ಜೇಬಿಗೆ ಕೈಹಾಕಿದರು. ಅಷ್ಟರಲ್ಲಿ ಹೆಂಡತಿಯ ಅಂಗೈ ಅವರ ಮೂಗಿನ ಮುಂದೆ ಬಂತು. ಅದರಲ್ಲೊಂದು ಪೆಪ್ಪರ್‌ಮಿಂಟು. ಪುಸ್ತಕಗಳ ಹಿಂದಿನ ಪೊಟ್ಟಣದ್ದೇ.

"ತಗೊಳ್ಳಿ."

"ಇದೇನೇ?"

"ಬೇಕಾದ ವರ್ತನೆ ಕಂಡ ಕೂಡಲೇ ಬಹುಮಾನ. ಮೊದಲನೇ ಪುಟ. ಇಪ್ಪತ್ತೆಂಟು ಸಲ ಬರೆದಿದ್ದೀನಲ್ಲ."

ಮೇಷ್ಟ್ರು ತೊದಲಿದರು. "ಹಾಗಾದ್ರೆ ಆ ಮೊದಲನೇ ಕುರ್ಚಿ..."

"ನಾನೇ ಕತ್ತರಿ ಹಾಕಿದ್ದು. ನಿಮ್ಮದಕ್ಕೇ ಹಾಕೋಣ ಅಂತಿದ್ದೆ. ನೀವು ಅದರ ಮೇಲಿಂದ ಏಳಬೇಕಲ್ಲ! ಒಂದು ಹರಿದ್ರೆ ಸಾಕು, ಉಳಿದದ್ದನ್ನ ನೀವೇ ನೋಡ್ಕೋತೀರಿ ಅಂತ ಗೊತ್ತಿತ್ತು. ಹತ್ತು ದಿನ ಅಂದ್ಕೊಂಡಿದ್ದೆ. ಒಂದು ತಿಂಗಳು ಮಾಡಿದ್ರಿ."

"ಕೂತ್ಕೊಳ್ಳಿ ಬನ್ನಿ ಅಂತ ಒಂದು ಮಾತು ಹೇಳಬಾರದಿತ್ತೇನೇ?"

"ಉಪದೇಶ ಮಾಡಬಾರದು. ಅದೂ ಮೊದಲನೇ ಪುಟವೇ." ಆಕೆ ಚಹಾ ಮುಗಿಸಿ ಲೋಟ ಕೆಳಗಿಟ್ಟಳು. "ನಾನು ಏಳ್ತೀನಿ, ಹಿಡ್ಕೊಳ್ಳಿ."

ಮೇಷ್ಟ್ರು ಎರಡೂ ಕೈಯಿಂದ ಬೆಂಚು ಹಿಡಿದುಕೊಂಡರು.

ಮರುದಿನ ಅಡುಗೆಮನೆಯಲ್ಲಿ ಲೋಟಗಳು ಸದ್ದು ಮಾಡಿದಾಗ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮೇಷ್ಟ್ರು ಆಗಲೇ ಬೆಂಚಿನ ತುದಿಯಲ್ಲಿ ಹಾಜರಾಗಿದ್ದರು. ಬಾಯಲ್ಲಿ ನೀರೂರುತ್ತಿತ್ತು.