ಹಳದಿ ಅಂಗಿಯವರು ಬಿಟ್ಟುಕೊಟ್ಟ ಇಬ್ಬರು

ನಾಚಿಕೆ ಕೆಲವರಿಗೆ ಒಡವೆಯ ಹಾಗೆ ಒಪ್ಪುತ್ತದೆ. ನನಗೆ ಅದು ಹಲ್ಲುನೋವು. ಬಾಯಿ ತೆರೆಯಲು ಬಿಡುವುದಿಲ್ಲ. ಧಾರವಾಡದ ಆಚೆಯ ನಮ್ಮೂರ ಶಾಲೆಯಲ್ಲಿ ನಾನು ಏಳನೆಯ ಇಯತ್ತೆಯವರೆಗೆ ಓದಿದೆ. ಹಾಜರಿ ಕರೆದಾಗ ನನ್ನ ಉತ್ತರ ಮಾಸ್ತರರ ಕಿವಿಗೆ ಮುಟ್ಟುತ್ತಲೇ ಇರಲಿಲ್ಲ. ಮೊದಲ ಸಾಲಿನಲ್ಲಿ ಕೂತಿದ್ದೂ ಅರ್ಧ ವರ್ಷ ಗೈರುಹಾಜರಿ ಬಿದ್ದ ಹುಡುಗಿ ಆ ಶಾಲೆಯಲ್ಲಿ ನಾನೊಬ್ಬಳೇ ಇರಬೇಕು. ಮದುವೆಯಾದ ಮೇಲೆ ನಿಮ್ಮ ಅಜ್ಜ ನನ್ನ ಪಾಲಿನ ಮಾತನ್ನೂ ತಾವೇ ಆಡಿದರು. ಅವರು ತೀರಿಕೊಂಡ ಮೇಲೆ ನನ್ನ ಪಾಲು ಖರ್ಚಾಗದೆ ಹಾಗೆಯೇ ಉಳಿಯಿತು. ಕಡೆಗೆ ಅದನ್ನು ನಾನು ಹಾಕಿ ಆಟದ ಮೇಲೆ ಖರ್ಚು ಮಾಡಿದೆ. ಮೊಮ್ಮಕ್ಕಳೇ, ನಿಮ್ಮಲ್ಲಿ ಅನಘಾ ಒಬ್ಬಳೇ ಇದನ್ನು ಕಣ್ಣಾರೆ ಕಂಡವಳು, ಉಳಿದವರು ಅವಳ ಬಾಯಿಂದ ಕೇಳಿದ್ದೀರಿ. ಅವಳು ಹೇಳುವಾಗ ಉಪ್ಪುಖಾರ ಹಚ್ಚುತ್ತಾಳೆ. ಅದಕ್ಕೇ ನಾನೇ ಬರೆದಿಡುತ್ತಿದ್ದೇನೆ.

ಪುಣೆಯ ಕೋಥರೂಡದಲ್ಲಿ ನಾವಿರುವ ಫ್ಲ್ಯಾಟುಗಳ ಸೊಸಾಯಿಟಿಯಲ್ಲಿ ಒಂದು ಪದ್ಧತಿ ಇದೆ. ಹಾಕಿ ಲೀಗ್ ಶುರುವಾಗುವ ಮೊದಲಿನ ಭಾನುವಾರ ಸಂಜೆ ಎಲ್ಲರೂ ಕೆಳಗಿನ ಸಭಾಂಗಣದಲ್ಲಿ ಸೇರುತ್ತಾರೆ. ಆಟವಿಲ್ಲದ ತಿಂಗಳುಗಳಲ್ಲಿ ಯಾವ ತಂಡ ಯಾರನ್ನು ಬಿಟ್ಟಿತು, ಹರಾಜಿನಲ್ಲಿ ಯಾರನ್ನು ಕೊಂಡಿತು ಎಂದು ತೂಗಿ ನೋಡಿ, ಮನೆಗೊಬ್ಬರು ಎದ್ದು ನಿಂತು, ತಂಡಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಹೇಳಿ ಕಾರಣ ಕೊಡಬೇಕು. ಲೀಗ್ ಮುಗಿದಾಗ ಯಾರ ಸಾಲು ನಿಜಕ್ಕೆ ಹತ್ತಿರವೋ ಅವರ ಮನೆಗೆ ಗೋಖಲೆ ಕಾಕಾ ಅವರ ಹಾಕಿ ಸ್ಟಿಕ್ಕು ಒಂದು ವರ್ಷದ ಮಟ್ಟಿಗೆ ಬರುತ್ತದೆ. ಕಾಕಾ ಎರಡನೆಯ ಮಹಡಿಯವರು. ಸೈನ್ಯದಲ್ಲಿದ್ದಾಗ ಅದೇ ಸ್ಟಿಕ್ಕಿನಿಂದ ಆಡಿದವರು. ಹಿಡಿಕೆಯ ಬಟ್ಟೆ ಕಪ್ಪಾಗಿದೆ, ಬಾಗಿದ ತುದಿಗೆ ಹುರಿ ಸುತ್ತಿದ್ದಾರೆ. ಅನಘಾ ಶಾಲೆಯ ತಂಡದಲ್ಲಿ ಆಡುವವಳು. ಆ ಸ್ಟಿಕ್ಕು ಒಮ್ಮೆಯಾದರೂ ನಮ್ಮ ಮನೆಗೆ ಬರಬೇಕೆಂದು ಅವಳಿಗೆ ಮೂರು ವರ್ಷದಿಂದ ಒಂದೇ ಹಂಬಲ.

ಆದರೆ ಕಾಕಾ ಒಂದು ನಿಯಮ ಇಟ್ಟಿದ್ದಾರೆ: ಒಮ್ಮೆ ಮಾತಾಡಿದವರು ಮತ್ತೆ ಮಾತಾಡುವಂತಿಲ್ಲ. ಇಲ್ಲದಿದ್ದರೆ ಅದೇ ನಾಲ್ಕು ಗಂಡಸರು ವರ್ಷಾ ವರ್ಷಾ ಎದ್ದು ನಿಲ್ಲುತ್ತಾರೆಂದು ಅವರ ವಾದ. ನಮ್ಮ ಮನೆಯಿಂದ ಮೊದಲ ವರ್ಷ ನನ್ನ ಮಗ, ಎರಡನೆಯ ವರ್ಷ ಸೊಸೆ, ಮೂರನೆಯ ವರ್ಷ ಅನಘಾ ಮಾತಾಡಿ, ಮೂರು ಸಲವೂ ನಾವು ಕೊನೆಗೆ ಬಿದ್ದೆವು. ಈಗ ಮನೆಯಲ್ಲಿ ಉಳಿದ ಬಾಯಿ ಒಂದೇ.

"ಅಜ್ಜಿ, ಈ ಸಲ ನೀನ," ಎಂದಳು ಅನಘಾ.

"ನನಗ ಹಾಕಿ ಅಂದ್ರ ಏನ್ ಗೊತ್ತವಾ? ಆ ಸ್ಟಿಕ್ಕಿನ್ಯಾಗ ಮ್ಯಾಲ ಯಾವುದು ಕೆಳಗ ಯಾವುದು ಅನ್ನೂದ ತಿಳಿಯಂಗಿಲ್ಲ."

"ನಾ ಬರಕೊಡ್ತೀನಿ. ನೀ ಬರೇ ಓದು."

"ಓದಾಕರ ಬಾಯಿ ತೆರೀಬೇಕಲ್ಲ!"

ಚಹಾ ಕುಡಿಯುತ್ತಿದ್ದ ಮಗ ನಕ್ಕ. "ಅವ್ವ, ಎರಡು ನಿಮಿಷದ ಮಾತು. ಹಲ್ಲಿನ ಡಾಕ್ಟರ ಮುಂದ ಅದಕ್ಕಿಂತ ಹೆಚ್ಚು ಹೊತ್ತು ಬಾಯಿ ತಗದಿರ್ತಿ."

ಅಂತೂ ನನ್ನ ಅಭ್ಯಾಸ ಶುರುವಾಯಿತು. ತಂಡಗಳ ಹೆಸರು ನಾಲಿಗೆಗೆ ಹತ್ತಲಿಲ್ಲವಾದ್ದರಿಂದ ಅಂಗಿಯ ಬಣ್ಣದಿಂದ ಗುರುತು ಹಿಡಿದೆ. ಹಳದಿ ಅಂಗಿಯವರು ಹರಾಜಿನಲ್ಲಿ ಗೋಲು ಹೊಡೆಯುವ ಮೂರು ಮಂದಿ ದೊಡ್ಡ ಆಟಗಾರರನ್ನು ತಂದಿದ್ದರು. ಈ ಸಲ ಹಳದಿಯೇ ಎಂದು ಇಡೀ ಸೊಸಾಯಿಟಿ ಹೇಳುತ್ತಿತ್ತು. ಅನಘಾ ಬರೆದ ಚೀಟಿಯಲ್ಲೂ ಹಳದಿಯೇ ಮೊದಲು. ನಾನು ಸುಮ್ಮನೆ ಕೇಳಿದೆ: "ಬಂದವರು ಇವರಾತು. ಬಿಟ್ಟು ಹೋದವರು ಯಾರವಾ?"

"ಅಜ್ಜಿ, ಅದನ್ನ ಯಾರು ನೋಡ್ತಾರ?"

ನಾನು ನೋಡಿದೆ. ಹಳದಿಯವರು ತಮ್ಮ ಹಳೆಯ ಗೋಲ್‌ಕೀಪರನನ್ನು ಬಿಟ್ಟಿದ್ದರು. ಇನ್ನೊಬ್ಬನನ್ನೂ ಬಿಟ್ಟಿದ್ದರು; ಅವನು ಪೆನಾಲ್ಟಿ ಕಾರ್ನರಿನಲ್ಲಿ ಚೆಂಡು ನಿಲ್ಲಿಸುವವನು. ಅನಘಾ ಮೊಬೈಲಿನಲ್ಲಿ ತೋರಿಸಿದಳು: ಒಬ್ಬ ಗೆರೆಯ ಮೇಲಿಂದ ಚೆಂಡು ನೂಕುತ್ತಾನೆ, ಒಬ್ಬ ಅದನ್ನು ತಡೆದು ನಿಲ್ಲಿಸುತ್ತಾನೆ, ಮೂರನೆಯವನು ಬೀಸಿ ಹೊಡೆಯುತ್ತಾನೆ. ಜನ ಮೂರನೆಯವನ ಹೆಸರು ಕೂಗುತ್ತಾರೆ. ಹಳದಿಯವರು ಬಿಟ್ಟ ಆ ಇಬ್ಬರನ್ನೂ ಕಂದು ಅಂಗಿಯವರು ಸದ್ದಿಲ್ಲದೆ ಕರೆದುಕೊಂಡಿದ್ದರು. ಬೇರೆ ಯಾರನ್ನೂ ಅವರು ಕೊಂಡಿರಲಿಲ್ಲ.

ನನಗೆ ನಮ್ಮೂರ ಮದುವೆಯ ಹೋಳಿಗೆ ನೆನಪಾಯಿತು. ಅಲ್ಲಿ ಒಬ್ಬಳು ಕಣಕ ನಾದುತ್ತಾಳೆ, ಒಬ್ಬಳು ಹೂರಣ ತುಂಬುತ್ತಾಳೆ, ಒಬ್ಬಳು ಲಟ್ಟಿಸುತ್ತಾಳೆ, ಒಬ್ಬಳು ಬೇಯಿಸುತ್ತಾಳೆ. ತಂಗೆಮ್ಮನ ಹೋಳಿಗೆ ಎಂದು ಊರೆಲ್ಲ ಹೊಗಳುತ್ತಿತ್ತು, ಏಕೆಂದರೆ ಬೇಯಿಸುವವಳು ತಂಗೆಮ್ಮ. ಹೂರಣ ತುಂಬುವ ನಿಂಗವ್ವನನ್ನು ಕೇಳಿದವರಿಲ್ಲ. ಒಂದು ಮದುವೆಗೆ ಅವಳನ್ನು ಕರೆಯಲು ಮರೆತರು. ಅಂದು ತಂಗೆಮ್ಮನ ಹೋಳಿಗೆಯೆಲ್ಲ ಹಂಚಿನ ಮೇಲೆ ಒಡೆದು, ಬೀಗರು ಬರೀ ಅನ್ನ ಸಾರು ಉಂಡು ಎದ್ದರು.

ಆ ಭಾನುವಾರ ನನ್ನ ಸರದಿ ಬಂದಾಗ ಎದ್ದು ನಿಂತೆ. ಕೈಯಲ್ಲಿ ಅನಘಾಳ ಚೀಟಿ ಬೆವರಿಗೆ ನೆಂದಿತ್ತು. 'ಹಳದಿ ಮೊದಲು' ಎಂದು ಓದಿ ಕೂತುಬಿಡಬಹುದಿತ್ತು. ಆದರೆ ನನಗೇ ಒಪ್ಪದ ಮಾತು ಹೇಳುವುದಕ್ಕೂ ಧೈರ್ಯ ಬೇಕು, ಅದು ನನ್ನಲ್ಲಿರಲಿಲ್ಲ. ಸೆರಗು ಬಿಗಿಹಿಡಿದು, ಮೂಲೆಯಲ್ಲಿದ್ದ ನೀರಿನ ಕ್ಯಾನನ್ನು ನೋಡುತ್ತ, ಅದಕ್ಕೇ ಹೇಳುವವಳ ಹಾಗೆ, ಹೋಳಿಗೆಯನ್ನು ಅವರ ಪುರಣಪೋಳಿ ಮಾಡಿ, ನನ್ನ ಹರಕುಮುರುಕು ಮರಾಠಿಯಲ್ಲಿ ಹೇಳಿದೆ: "ಪುರಣಪೋಳಿ ಉಬ್ಬಿದರೆ ಬೇಯಿಸಿದವಳನ್ನು ಹೊಗಳುತ್ತೀರಿ. ಪುರಣ ತುಂಬುವವಳನ್ನು ಪಕ್ಕದ ಮನೆಗೆ ಕಳಿಸಿ ನೋಡಿ. ಹಳದಿಯವರು ಕಳಿಸಿದ್ದಾರೆ. ಕಂದು ಮೊದಲು. ಹಳದಿ ಐದನೆಯದು." ಉಳಿದ ತಂಡಗಳನ್ನು ಚೀಟಿಯಲ್ಲಿದ್ದ ಸಾಲಿನಲ್ಲೇ ಓದಿದೆ.

ಸಭಾಂಗಣದ ಸೂರು ಹಾರಿಹೋಗುವಂತೆ ಎಲ್ಲರೂ ನಕ್ಕರು. "ಆಜೀಗೆ ಹಸಿವಾಗಿದೆ, ಬೇಗ ಮುಗಿಸಿ," ಎಂದು ಯಾರೋ ಹಿಂದಿನಿಂದ ಕೂಗಿದರು. ಗೋಖಲೆ ಕಾಕಾ ಮಾತ್ರ ನಗದೆ ಬರೆದುಕೊಂಡರು. ಅನಘಾ ಮೂರು ದಿನ ನನ್ನ ಸಂಗಡ ಮಾತಾಡಲಿಲ್ಲ. ನಾಲ್ಕನೆಯ ದಿನ ಆಡಿದ್ದು ಒಂದೇ ಮಾತು: "ಅಜ್ಜಿ, ನನ್ನ ಸ್ಟಿಕ್ಕು ಹೋತು."

ಹೋದ ಹಾಗೆಯೇ ಇತ್ತು. ಹಳದಿಯವರು ಮೊದಲ ಮೂರು ಆಟ ಗೆದ್ದರು. ನಾನು ಲಿಫ್ಟಿನಲ್ಲಿ ಯಾರಾದರೂ ಸಿಕ್ಕಾರೆಂದು ಮೆಟ್ಟಿಲು ಹಿಡಿದೆ. ಮಂಡಿಗೂ ಹಾಕಿಗೂ ಇರುವ ಸಂಬಂಧ ಆಗ ತಿಳಿಯಿತು. ನಾಲ್ಕನೆಯ ಆಟದಲ್ಲಿ ಹಳದಿಯವರಿಗೆ ಒಂದರ ಹಿಂದೊಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು. ನೂಕಿದ ಚೆಂಡು ಹೊಸಬನ ಸ್ಟಿಕ್ಕಿಗೆ ಬಡಿದು ಪ್ರತಿ ಸಲವೂ ಎಲ್ಲೋ ಪುಟಿಯಿತು. ಹೊಡೆಯುವ ದೊಡ್ಡ ಮನುಷ್ಯ ಬರಿಗಾಳಿಗೆ ಬೀಸಿ ನಿಂತ. ಅನಘಾ ಸೋಫಾದ ಮೇಲಿಂದ ಜಿಗಿದಳು: "ಅಜ್ಜಿ, ಹೂರಣ ಹೊರಗ ಬಂತು!"

ಆಮೇಲೆ ಅದು ಒಳಗೆ ಹೋಗಲೇ ಇಲ್ಲ. ಹಳದಿಯವರು ಆರನೆಯವರಾದರು, ನಾನು ಐದು ಎಂದಿದ್ದೆ, ಅವರು ನನ್ನ ಮಾತನ್ನೂ ಮೀರಿದರು. ಕಂದು ಅಂಗಿಯವರು ಕೊನೆಯ ಆಟದವರೆಗೂ ಬಂದರು; ಅದು ಸಮನಾಗಿ, ಒಬ್ಬೊಬ್ಬರೇ ಗೋಲ್‌ಕೀಪರನ ಎದುರು ಬಂದು ಹೊಡೆಯುವ ಶೂಟೌಟಿಗೆ ಹೋಯಿತು. ಹಳದಿಯವರು ಬಿಟ್ಟ ಆ ಹಳೆಯ ಗೋಲ್‌ಕೀಪರ್ ಮೈಚಾಚಿ ಕೊನೆಯ ಚೆಂಡನ್ನು ತಡೆದು ಕಂದಿನವರನ್ನು ಗೆಲ್ಲಿಸಿದಾಗ ನಮ್ಮ ಮನೆಯಲ್ಲಿ ಒಂದು ಕಿರುಚಾಟ ಕೇಳಿಸಿತು. ಕಿರುಚಿದವಳು ನಾನೇ ಎಂದು ಸೊಸೆ ಆಮೇಲೆ ಹೇಳಿದಳು.

ಎಲ್ಲರ ಸಾಲಿಗಿಂತ ನನ್ನದೇ ನಿಜಕ್ಕೆ ಹತ್ತಿರವಾಗಿತ್ತು; ಗೋಖಲೆ ಕಾಕಾ ತಾವೇ ಸ್ಟಿಕ್ಕು ಹೊತ್ತುಕೊಂಡು ಬಂದರು. "ವಹಿನಿ, ತೊಗೊಳ್ಳಿ," ಎಂದು ಮರಾಠಿಯಲ್ಲಿ ಅತ್ತಿಗೆಯೆಂದು ಕರೆದು, ಸ್ಟಿಕ್ಕನ್ನು ನನ್ನ ಕೈಗಿಟ್ಟರು. "ನಾನೂ ಚೆಂಡು ನಿಲ್ಲಿಸುವವನೇ ಆಗಿದ್ದೆ. ಇಷ್ಟು ವರ್ಷ ಯಾರೂ ಅದನ್ನು ಕೇಳಿರಲಿಲ್ಲ." ನಾನು ಒಳಗೆ ಹೋಗಿ ಒಂದು ತಟ್ಟೆ ಹೋಳಿಗೆ ತಂದಿಟ್ಟೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ದೊಡ್ಡವಳಾಗಿರುತ್ತಿದ್ದೆ. ಆದರೆ ಸ್ಟಿಕ್ಕು ಬಂದಂದಿನಿಂದ ಅದು ಅನಘಾಳ ಕೈಗೆ ಸಿಕ್ಕಿದ್ದು ಕಡಿಮೆ. ಮೊನ್ನೆ ಸಂಜೆ ಅವಳು ಬಾಗಿಲಿಗೆ ಅಡ್ಡ ನಿಂತು ಕೇಳಿಯೇಬಿಟ್ಟಳು: "ಅಜ್ಜಿ, ಕೊತ್ತಂಬರಿ ತರಾಕ ಸ್ಟಿಕ್ಕು ಯಾಕ?"

"ಓಣ್ಯಾಗ ನಾಯಿ ಭಾಳ ಆಗ್ಯಾವವಾ," ಎಂದೆ.

ನಮ್ಮ ಓಣಿಯಲ್ಲಿ ನಾಯಿಗಳಿಲ್ಲ. ಕಾಯಿಪಲ್ಯ ಮಾರುವವಳೊಬ್ಬಳು ಇದ್ದಾಳೆ. ಅವಳು ಈ ಕಥೆಯನ್ನು ಇನ್ನೂ ನಾಲ್ಕೇ ಸಲ ಕೇಳಿದ್ದಾಳೆ.