ಅದು ಬೋಯಿಂಗ್ ಅಲ್ಲ, ಬಾಷಾ!

ವಿಮಾನ ನಿಲ್ದಾಣದ ಪೂರ್ವ ಬೇಲಿ ಠಾಣೆಯ ಮಾನ್ಯ ಅಧಿಕಾರಿಗಳೇ, ನಮ್ಮೆಲ್ಲರ ಬಾಯಲ್ಲಿ ಬಾಷಾ ಎನಿಸಿಕೊಳ್ಳುವ ದೊರೆಗಳೇ,

ಕೈರೋದ ಆಕಾಶವನ್ನು ಎವೆಯಿಕ್ಕದೆ ಕಾಯುತ್ತಿರುವ ತಮಗೆ, ಅದೇ ಆಕಾಶದ ನೇರ ಕೆಳಗೆ ಬಟ್ಟೆ ಒಣಹಾಕುವ ಇಜ್ಬತ್ ಸಬ್ಬಾರ್ ಕೇರಿಯ ಇನ್ಶಿರಾಹ್ ತಲೆಬಾಗಿ ಮಾಡುವ ಸಲಾಮುಗಳು. ತಲೆ ಬಾಗಿರುವುದು ಗೌರವದಿಂದ ಮಾತ್ರವಲ್ಲ. ನಮ್ಮ ಮಾಳಿಗೆಯ ಮೇಲೆ ವಿಮಾನಗಳು ತೀರ ತಗ್ಗಿನಲ್ಲಿ ಹಾರುವುದರಿಂದ ಬಾಗಿಸಿ ಬಾಗಿಸಿ ಕುತ್ತಿಗೆಗೆ ಅದೇ ಅಭ್ಯಾಸವಾಗಿಬಿಟ್ಟಿದೆ.

ಕಳೆದ ವಾರ ತಾವು ಮೂವರು ಪೇದೆಗಳೊಡನೆ ನಮ್ಮ ಮಾಳಿಗೆಗೆ ದಯಮಾಡಿಸಿ, ದೇಶದ ಭದ್ರತೆಗೆ ಒದಗಿದ್ದ ಘೋರ ಗಂಡಾಂತರವನ್ನು, ಅಂದರೆ ನನ್ನ ಕ್ಯಾಮೆರಾವನ್ನು, ವಶಪಡಿಸಿಕೊಂಡಿರಿ. ಮಂಡಿನೋವಿನ ಮುದುಕಿಯೊಬ್ಬಳು ಬಟ್ಟೆ ಒಣಹಾಕುವ ಹಗ್ಗದ ಪಕ್ಕದಲ್ಲಿ ನಿಂತು ವಿಮಾನದ ಚಿತ್ರ ತೆಗೆಯುವುದನ್ನು ಪತ್ತೆಹಚ್ಚಿದ ತಮ್ಮ ಚುರುಕುತನಕ್ಕೆ ಪದಕ ಕೊಡಬೇಕು. ಆ ವಿಮಾನಗಳ ಚಿತ್ರವನ್ನೇ ಕಂಪನಿಯವರು ಕ್ಯಾಲೆಂಡರಿನಲ್ಲಿ ಅಚ್ಚುಹಾಕಿ ಹಂಚುತ್ತಾರೆ, ಅದು ತಮ್ಮ ಠಾಣೆಯ ಗೋಡೆಯ ಮೇಲೆಯೇ ನೇತಾಡುತ್ತಿದೆ ಎಂಬ ಮಾತನ್ನು ಇಲ್ಲಿ ಎತ್ತುವಷ್ಟು ಒರಟಳು ನಾನಲ್ಲ.

ತಪ್ಪು ನನ್ನದೇ. ತಾವು ಎಷ್ಟು ಮೃದುವಾಗಿ ಕೇಳಿದಿರಿ: "ಏನ್ ಹಜ್ಜಾ ತಾಯಿ, ಈ ವಯಸ್ಸಲ್ಲಿ ಬೋಯಿಂಗ್ ಫೋಟೋ ತೆಗ್ದು ಯಾರಿಗ್ ಕಳಿಸ್ತೀರಿ?" ಬುದ್ಧಿಯಿರುವ ಯಾವ ಹೆಂಗಸಾದರೂ ಆಗ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮೊಮ್ಮಕ್ಕಳ ಹೆಸರು ಹೇಳುತ್ತಿದ್ದಳು. ನಾನು ಹೇಳಿದ್ದು, "ಬೋಯಿಂಗ್ ಅಲ್ಲಪ್ಪ, ಏರ್‌ಬಸ್. ಮೂತಿ ನೋಡು, ಬಾಲ ನೋಡು." ತಮ್ಮ ಹುಬ್ಬು ಮೇಲೇರಿತು. "ಅದು ನಿಮಗ್ಹೆಂಗೆ ಗೊತ್ತು?" ಎಂದಿರಿ. ವಿಮಾನ ನೋಡುವ ಹುಚ್ಚಿನವರನ್ನು ಯಾರೂ ಕೇಳಬಾರದ ಪ್ರಶ್ನೆ ಅದು. ಅಂದು ಚಹಾ ಆರಿ ತಣ್ಣಗಾಗುವವರೆಗೂ ತಾವು ರೆಕ್ಕೆ, ಎಂಜಿನ್ನು, ಗಾಲಿಗಳ ಪಾಠ ಕೇಳಬೇಕಾಯಿತು. ಕೊನೆಗೆ ತಮ್ಮ ಪೇದೆಯೊಬ್ಬ, "ಬಾಷಾ, ಇವ್ಳು ಗೂಢಚಾರಿಣಿ ಅಲ್ಲ ಅಂದ್ರೆ ನನ್ನ ಮೀಸೆ ಬೋಳಿಸ್ತೀನಿ" ಎಂದು ಪಣ ತೊಟ್ಟ. ಆತ ಮೀಸೆ ಬೋಳಿಸಿದನೇ, ದಯವಿಟ್ಟು ತಿಳಿಸಿ.

ಆಮೇಲೆ ತಾವು ತೋರಿದ ಔದಾರ್ಯವನ್ನು ಮರೆಯಲಾರೆ. "ಬೋಯಿಂಗ್ ವಿಮಾನದ ಚಿತ್ರ ತೆಗೆದದ್ದು ನನ್ನ ತಪ್ಪು" ಎಂದು ಬರೆದ ಕಾಗದ ಮುಂದಿಟ್ಟು, ಸಹಿ ಹಾಕಿ ಕ್ಯಾಮೆರಾ ತೆಗೆದುಕೊಂಡು ಹೋಗಿ ಎಂದಿರಿ. ತಪ್ಪು ಒಪ್ಪಿಕೊಳ್ಳಲು ನನ್ನದೇನೂ ಅಡ್ಡಿಯಿರಲಿಲ್ಲ, ಬೋಯಿಂಗನ್ನು ಒಪ್ಪಿಕೊಳ್ಳಲಾಗಲಿಲ್ಲ. ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ದುಡಿದವಳು ನಾನು. ಮುಷ್ಕರ ಮುರಿಯಲು ಮಾಲೀಕರು ಮುಂದಿಟ್ಟ ಎಷ್ಟೋ ಸುಳ್ಳು ಕಾಗದಗಳನ್ನು ಅವರ ಮೇಜಿನ ಮೇಲೆಯೇ ಬಿಟ್ಟುಬಂದ ಕೈ ಇದು. ತಮ್ಮ ಠಾಣೆಯ ಪೆನ್ನು ಕಂಡೊಡನೆ ಮೆತ್ತಗಾಗುತ್ತದೆಯೇ?

ಪಕ್ಕದ ಮಾಳಿಗೆಯಲ್ಲಿ ಪಾರಿವಾಳ ಸಾಕುವ ಫರ್ಗಲಿ ನನಗೆ ಬುದ್ಧಿ ಹೇಳಿದ್ದುಂಟು. "ಒಂದ್ ಗೀಟ್ ಎಳ್ದು ಇಸ್ಕೊಂಡ್ ಬಾ ತಾಯಿ. ಅದು ಬೋಯಿಂಗ್ ಆದ್ರೇನು, ಬದನೆಕಾಯಿ ಆದ್ರೇನು?" ನಾನು ಕೇಳಿದೆ: "ನಿನ್ ಪಾರಿವಾಳನ ಯಾವನಾದ್ರೂ ಕಾಗೆ ಅಂತ ಬರ್ದ್ರೆ ಸಹಿ ಹಾಕ್ತೀಯೇನೋ?" ಅವನು ಕೈಯಲ್ಲಿದ್ದ ಪಾರಿವಾಳವನ್ನು ಎದೆಗೊತ್ತಿಕೊಂಡ. ಅನಂತರ ತಮ್ಮ ಬಗ್ಗೆ ಆಡಿದ ಮಾತನ್ನು ಇಂಥ ಸಭ್ಯ ಪತ್ರದಲ್ಲಿ ಬರೆಯಲಾಗದು.

ಈಗ ನನ್ನ ಅವಸರವನ್ನು ಅರಿಕೆ ಮಾಡುತ್ತೇನೆ. ತಾವು ಬೋಯಿಂಗ್ ಎಂದ ಆ ಮುದಿ ಏರ್‌ಬಸ್ಸು ಈ ಗುರುವಾರ ಬೆಳಿಗ್ಗೆ ಗುಜರಿಗೆ ಹೊರಡುತ್ತದೆ, ಮತ್ತೆ ಬರುವುದಿಲ್ಲ. ಈಗ ಅದು ಹೊರುವುದು ಟೊಮ್ಯಾಟೊ ಪೆಟ್ಟಿಗೆಗಳನ್ನಾದರೂ ಒಂದು ಕಾಲಕ್ಕೆ ಹಜ್ ಯಾತ್ರಿಕರನ್ನು ಹೊತ್ತಿತ್ತು. ನನ್ನ ಅಮ್ಮ ಬದುಕಿನಲ್ಲಿ ಹತ್ತಿದ್ದು ಅದೊಂದೇ ವಿಮಾನ. ನಮ್ಮ ಕೇರಿಯಿಂದ ಅದರ ಒಳಗೆ ಹೋಗಿ ಕೂತವಳೂ ಅವಳೊಬ್ಬಳೇ. ಉಳಿದ ನಮಗೆಲ್ಲ ಅದರ ಹೊಟ್ಟೆಯಷ್ಟೇ ಗೊತ್ತು. ಅದು ಮೇಲೇಳುವಾಗಿನ ಕೊನೆಯ ಚಿತ್ರವೊಂದು ನನಗೆ ಬೇಕು. ಅಷ್ಟೇ, ಬಾಷಾ.

ಆ ಸಹಿಯಿಲ್ಲದೆ ಕ್ಯಾಮೆರಾ ಕೊಡಲಾಗದಿದ್ದರೆ ಬೇರೆ ಏರ್ಪಾಡುಗಳಾಗಲಿ. ಬೇಲಿ ಹಾಕಿದ್ದು ನಮ್ಮ ಅಪ್ಪಂದಿರು ಹುರುಳಿ ಬೆಳೆಯುತ್ತಿದ್ದ ನೆಲಕ್ಕೆ; ಅದನ್ನು ಕೇಳುತ್ತಿಲ್ಲ. ಆದರೆ ವಿಮಾನಗಳು ನೋಡಬಾರದ ವಸ್ತುಗಳಾದ ಪಕ್ಷದಲ್ಲಿ ಅವುಗಳಿಗೆ ಬುರ್ಖಾ ಹೊಲಿಸಬೇಕು. ಬಟ್ಟೆ ಕತ್ತರಿಸಿಕೊಡಲು ನಾನೇ ಸಿದ್ಧ. ಅವುಗಳ ಸದ್ದು ರಹಸ್ಯವಾದ್ದರಿಂದ ನಮ್ಮ ಮಕ್ಕಳ ಕಿವಿಯಿಂದ ಅದನ್ನು ವಾಪಸು ಪಡೆಯಬೇಕು. ನಮ್ಮ ಒಗೆದ ಬಟ್ಟೆಗೆ ಅಂಟುವ ಎಣ್ಣೆಯ ಹೊಗೆಯನ್ನೂ, ಗೋಡೆಗಳ ಬಿರುಕುಗಳನ್ನೂ ಸರ್ಕಾರಿ ಸ್ವತ್ತೆಂದು ಜಪ್ತಿ ಮಾಡಬೇಕು. ಸದ್ದು, ಹೊಗೆ, ನಡುಕ ನಮ್ಮ ಪಾಲು, ನೋಟ ಮಾತ್ರ ತಮ್ಮ ಪಾಲು ಎಂಬ ಈ ಹಂಚಿಕೆ ಯಾವ ಕಾನೂನಿನದು? ಜೊತೆಗೆ, ಅನುಮತಿಯಿಲ್ಲದೆ ಓಡುದಾರಿಯ ಮೇಲೆ ಹಾರಿ ಎಲ್ಲವನ್ನೂ ನೋಡಿಕೊಂಡು ಬರುವ ಫರ್ಗಲಿಯ ಪಾರಿವಾಳಗಳನ್ನು ಒಂದೊಂದಾಗಿ ವಿಚಾರಣೆಗೆ ಕರೆಯಬೇಕು.

ಕಾಗದದಲ್ಲಿ ಒಂದು ಪದ ತಿದ್ದಿದರೆ, ಬುಧವಾರ ಸಂಜೆಯೊಳಗೆ ಬಂದು ಸಹಿ ಹಾಕಲು ಈಗಲೂ ಸಿದ್ಧಳಿದ್ದೇನೆ.

ಬೇಲಿಯ ಈಚೆಗಿರುವ
ತಮ್ಮ ವಿಶ್ವಾಸಿ,
ಇನ್ಶಿರಾಹ್ ಅಬ್ದುಲ್ ಗವಾದ್

ತಾ.ಕ. (ಗುರುವಾರ, ತಮಗೆ ಮತ್ತೆ ಕಳಿಸುತ್ತಿರುವ ಇದೇ ಪತ್ರದ ನಕಲಿನ ಅಡಿಯಲ್ಲಿ): ತಾವು ತಿದ್ದಲಿಲ್ಲ, ನಾನು ಸಹಿ ಹಾಕಲಿಲ್ಲ, ಅಮ್ಮನ ವಿಮಾನ ಇಂದು ಬೆಳಿಗ್ಗೆ ಹೊರಟೇಹೋಯಿತು. ಕೇರಿಯ ಮಾಳಿಗೆ ಮಾಳಿಗೆಗಳಿಂದ ನನಗಾಗಿ ಜನ ಫೋನು ಎತ್ತಿದ್ದರು. ಪಾಪ, ಅದು ಇಂದು ಆಚೆ ದಿಕ್ಕಿಗೆ ಎದ್ದುಹೋದದ್ದರಿಂದ ಎಲ್ಲರ ಚಿತ್ರದಲ್ಲೂ ವಿಮಾನ ಸೊಳ್ಳೆಯಷ್ಟೇ ಇದೆ. ಆದರೆ ಫರ್ಗಲಿಯ ಹೆಂಡತಿ ತೆಗೆದ ಚಿತ್ರದ ಕೆಳತುದಿಯಲ್ಲಿ, ಠಾಣೆಯ ಬಾಗಿಲಲ್ಲಿ, ಟೋಪಿ ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಫೋನು ಎತ್ತಿ ಅದೇ ವಿಮಾನದ ಫೋಟೋ ತೆಗೆಯುತ್ತಿರುವ ತಾವು ಬಹಳ ಸ್ಪಷ್ಟವಾಗಿ ಮೂಡಿದ್ದೀರಿ. ಚಹಾದಂಗಡಿಯ ಗೋಡೆಗೆ ಅದನ್ನು ದೊಡ್ಡದು ಮಾಡಿಸಿ ಅಂಟಿಸಿದ್ದೇವೆ. ಅಡಿಯಲ್ಲಿ "ಪೇದೆ" ಎಂದು ಬರೆಯೋಣವೆಂದು ಫರ್ಗಲಿ ಹಟ ಹಿಡಿದ. ನಾನು ಒಪ್ಪದೆ "ಠಾಣಾಧಿಕಾರಿ" ಎಂದೇ ಬರೆಸಿದೆ. ಇದ್ದದ್ದನ್ನು ಇದ್ದಹಾಗೆ ಬರೆಯದಿದ್ದರೆ ನಮ್ಮವರು ಕ್ಷಮಿಸುವುದಿಲ್ಲ.